ಎಡಗೆನ್ನೆಗೇ ಯಾಕೆ?

ನಮ್ಮ ಚಿಕ್ಕಮ್ಮನ ಅಡುಗೆಮನೆಯ ಗೋಡೆಯಲ್ಲಿ ದೊಡ್ಡ ಅಂಕಿಗಳ ಒಂದು ಕ್ಯಾಲೆಂಡರ್ ತೂಗುತ್ತದೆ. ಪ್ರತಿ ತಾರೀಖಿನ ಚೌಕದಲ್ಲೂ ಡೈರಿಗೆ ಹಾಕಿದ ಹಾಲಿನ ಲೆಕ್ಕ: ಬೆಳಗ್ಗೆ ಮೂರೂವರೆ ಲೀಟರು, ಸಂಜೆ ಎರಡು. ಎರಡು ವರ್ಷದ ಹಿಂದೆ, ಮಳೆಗಾಲ ಹಿಡಿದ ಮೇಲೆ, ಆ ಲೆಕ್ಕದ ಪಕ್ಕದಲ್ಲಿ ಕೆಂಪು ಪೆನ್ನಿನ ಗೀಟುಗಳು ಕಾಣಿಸಿಕೊಂಡವು. ಒಂದು ದಿನ ಒಂದು, ಇನ್ನೊಂದು ದಿನ ಮೂರು, ಕೆಲವು ದಿನ ಚೌಕದಲ್ಲಿ ಜಾಗ ಸಾಲದಷ್ಟು. ಮಗ ತನ್ನ ಮುಖಕ್ಕೆ ತಾನೇ ಗುದ್ದಿಕೊಂಡ ಲೆಕ್ಕ ಅದು. ಯಾರಿಗೆ ತೋರಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಬರೆಯುತ್ತಿದ್ದಳು.

ಅವನಿಗೆ ಆಗ 24 ವರ್ಷ. ಹುಟ್ಟಿನಿಂದ ಬೌದ್ಧಿಕ ಅಂಗವೈಕಲ್ಯ, ಜೊತೆಗೆ ಆಟಿಸಂ. ಬಾಯಲ್ಲಿ ಬರುವ ಮಾತು ಹತ್ತೋ ಹನ್ನೆರಡೋ. ಅಮ್ಮ, ನೀರು, ಬಸ್ಸು, ಬೇಡ, ಮಜ್ಜಿಗೆ, ಹೀಗೆ. 'ನೋವು' ಎಂಬ ಮಾತು ಅದರಲ್ಲಿ ಇರಲಿಲ್ಲ. ನಾವ್ಯಾರೂ ಕಲಿಸಿರಲಿಲ್ಲ. ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಸಾಗರದವರೆಗೆ ಹೋಗಿ ಬರುವುದೆಂದರೆ ಅವನಿಗೆ ಹಬ್ಬ. ಅಂಥವನು ಊಟಕ್ಕೆ ಕೂತಲ್ಲೇ ತಟ್ಟೆ ಎಸೆಯತೊಡಗಿದ. ಬಿಡಿಸಲು ಹೋದ ಅಮ್ಮನ ಮೊಣಕೈ ಕಚ್ಚಿದ. ರಾತ್ರಿ ಎರಡು ಗಂಟೆಗೆ ಎದ್ದು ಗೋಡೆಗೆ ತಲೆ ಚಚ್ಚಿಕೊಂಡ.

ಊರು ತನಗೆ ತೋಚಿದ್ದನ್ನು ಹೇಳಿತು. ವಯಸ್ಸಿಗೆ ಬಂದ ಹುಡುಗ, ಹಾಗೇ ಅಂದರು ಒಬ್ಬರು. ಮುದ್ದು ಮಾಡಿ ಕೆಡಿಸಿದ್ದೀಯ ಅಂದರು ಇನ್ನೊಬ್ಬರು. ತಾಯತವೂ ಬಂತು. ನಾನು ಫೋನಿನಲ್ಲಿ ಹೇಳಿದ್ದು ಇನ್ನೂ ನೆನಪಿದೆ: "ಹಠ ಜಾಸ್ತಿಯಾಗಿದೆ ಚಿಕ್ಕಮ್ಮ, ಡಾಕ್ಟರಿಗೆ ಹೇಳಿ ಮಾತ್ರೆ ಸ್ವಲ್ಪ ಜಾಸ್ತಿ ಮಾಡಿಸಿ." ಅದಕ್ಕೆ ಅವಳು ಕೊಟ್ಟ ಉತ್ತರ ನಾನು ಆಮೇಲೆ ಓದಿದ ಎಷ್ಟೋ ವರದಿಗಳಿಗಿಂತ ನಿಖರವಾಗಿತ್ತು. "ಹಠ ಅಲ್ಲ ಕಣೋ ಇದು. ಹಠ ಮಾಡುವಾಗ ಅವನು ನನ್ನ ಮುಖ ನೋಡ್ತಾನೆ. ಈಗ ನೋಡೋದೇ ಇಲ್ಲ."

ಪೇಟೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎರಡೂವರೆ ತಾಸು ಕಾದದ್ದು ಟ್ಯೂಬ್‌ಲೈಟು ಮಿಣುಕುವ ಹಜಾರದಲ್ಲಿ. ಒಂದು ಕಡೆ ಟಿವಿ, ಇನ್ನೊಂದು ಕಡೆ ಟೋಕನ್ ನಂಬರಿನ ಕೂಗು. ಒಳಗೆ ಕರೆಯುವ ಹೊತ್ತಿಗೆ ಅವನು ಕಿರುಚುತ್ತಿದ್ದ. ಡಾಕ್ಟರು ಬಾಗಿಲ ಬಳಿಯೇ ನಿಂತು ನೋಡಿದರು, ಮೈ ಮುಟ್ಟಲಿಲ್ಲ, ಮಾತ್ರೆ ಬರೆದರು. ಒಂದು ತಿಂಗಳಾದ ಮೇಲೆ ಪ್ರಮಾಣ ಏರಿತು, ಇನ್ನೊಂದು ತಿಂಗಳಿಗೆ ಮತ್ತೆ ಏರಿತು. ಹುಡುಗ ಹಗಲೆಲ್ಲ ತೂಗಡಿಸಿದ, ಜೊಲ್ಲು ಸುರಿಸಿದ, ದಪ್ಪಗಾದ. ಮಾತ್ರೆಯ ಮಂಪರು ಇಳಿಯುತ್ತಿದ್ದಂತೆ ಮತ್ತೆ ಗುದ್ದಿಕೊಂಡ. ಕ್ಯಾಲೆಂಡರಿನಲ್ಲಿ ಗೀಟುಗಳು ಕಡಿಮೆಯಾಗಲಿಲ್ಲ, ರಾತ್ರಿಗೆ ಸರಿದವು ಅಷ್ಟೇ.

ನಾಲ್ಕನೇ ತಿಂಗಳು ಹಣೆಯ ಗಾಯಕ್ಕೆ ಹೊಲಿಗೆ ಹಾಕಿಸಲೆಂದು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದಾಗ, ಡ್ರೆಸಿಂಗ್ ಮಾಡುತ್ತಿದ್ದ ನರ್ಸಮ್ಮ ಸ್ವಲ್ಪ ಹೊತ್ತು ಅವನನ್ನೇ ನೋಡಿ ಕೇಳಿದರಂತೆ: "ಅಮ್ಮಾ, ಇವರು ಎಡಗೆನ್ನೆಗೇ ಯಾಕೆ ಹೊಡ್ಕೊಳ್ತಾರೆ? ಬಲಗೈಯಲ್ಲಿ ಹೊಡ್ಕೊಂಡ್ರೂ ಎಡಕ್ಕೇ ಬೀಳ್ತಿದೆ ನೋಡಿ."

ಎಡಗಡೆ ಕೆಳದವಡೆಯ ಹಲ್ಲು ಒಳಗೇ ಹುಳುಕಾಗಿ ಬುಡದಲ್ಲಿ ಕೀವು ಕಟ್ಟಿತ್ತು.

ಈ ಅಂಕಣದಲ್ಲಿ ಹೇಳಬೇಕಾದದ್ದೆಲ್ಲ ಆ ನರ್ಸಮ್ಮನ ಪ್ರಶ್ನೆಯ ಸುತ್ತಲೇ ಇದೆ. ನಾವೆಲ್ಲ ಕೇಳಿದ್ದು 'ಇವನನ್ನು ಸುಮ್ಮನಾಗಿಸುವುದು ಹೇಗೆ' ಎಂದು. ಅವರು ಕೇಳಿದ್ದು 'ಯಾಕೆ' ಎಂದು. ನಾಲ್ಕು ತಿಂಗಳ ನರಳಾಟ ಇದ್ದದ್ದು ಆ ಎರಡು ಪ್ರಶ್ನೆಗಳ ನಡುವೆ.

ಕಚ್ಚುವುದು, ಹೊಡೆಯುವುದು, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು, ವಸ್ತುಗಳನ್ನು ಒಡೆಯುವುದು, ಮನೆಬಿಟ್ಟು ಓಡುವುದು, ಇವನ್ನೆಲ್ಲ ಒಟ್ಟಾಗಿ 'ಸವಾಲಿನ ವರ್ತನೆ' ಎನ್ನುವುದು ವೈದ್ಯಕೀಯ ರೂಢಿ. ಈ ಹೆಸರಿನ ಹಿಂದೆ ಒಂದು ಒಳ್ಳೆಯ ಉದ್ದೇಶವಿತ್ತು. ದೋಷ ಇರುವುದು ವ್ಯಕ್ತಿಯೊಳಗೆ ಎಂಬ ಧ್ವನಿಯ ಹಳೆಯ ಮಾತುಗಳನ್ನು ಬಿಟ್ಟು, ಸವಾಲು ಎದುರಾಗಿರುವುದು ನೋಡಿಕೊಳ್ಳುವವರಿಗೆ, ಆಸ್ಪತ್ರೆಗೆ, ವ್ಯವಸ್ಥೆಗೆ ಎಂದು ಹೇಳಲು ಈ ಪದ ಬಂತು. ಬ್ರಿಟನ್ನಿನ ಸಂಶೋಧಕ ಎರಿಕ್ ಎಮರ್ಸನ್ ಕೊಟ್ಟ ವ್ಯಾಖ್ಯೆ ಹೆಚ್ಚು ಬಳಕೆಯಲ್ಲಿದೆ: ವ್ಯಕ್ತಿಯ ಅಥವಾ ಸುತ್ತಲಿನವರ ಮೈಗೆ ಗಂಭೀರ ಅಪಾಯ ತರುವಷ್ಟು, ಇಲ್ಲವೇ ಎಲ್ಲರೂ ಹೋಗುವ ಜಾಗಗಳಿಗೆ ಅವರು ಹೋಗಲಾಗದಷ್ಟು ತೀವ್ರವಾದ, ಪದೇ ಪದೇ ಬರುವ ವರ್ತನೆ. ಎರಡನೆಯ ಅರ್ಧವನ್ನು ಗಮನಿಸಿ. ಎಲ್ಲರೂ ಹೋಗುವ ಜಾಗಗಳಲ್ಲಿ ಆಸ್ಪತ್ರೆಯೂ ಒಂದು. ಯಾರಿಗೆ ಆಸ್ಪತ್ರೆ ಎಲ್ಲರಿಗಿಂತ ಹೆಚ್ಚಾಗಿ ಬೇಕೋ, ಅವರನ್ನು ಅವರ ಕಾಯಿಲೆಯ ಲಕ್ಷಣವೇ ಆಸ್ಪತ್ರೆಯಿಂದ ಹೊರಗಿಡುತ್ತದೆ.

ಮಾತು ಬಾರದ ಹಸುವಿನ ಬಗ್ಗೆ ನಮ್ಮ ರೈತರಿಗೆ ಇರುವ ಗಮನವನ್ನು ನೆನೆಯಿರಿ. ಮೇವು ಬಿಟ್ಟರೆ, ಒದೆಯತೊಡಗಿದರೆ, ಕೆಚ್ಚಲು ಮುಟ್ಟಗೊಡದಿದ್ದರೆ ಹಸುವಿಗೆ ಹಠ ಅನ್ನುವವರಿಲ್ಲ. ಕೆಚ್ಚಲುಬಾವು ಇದೆಯೇನೋ ಎಂದು ಮುಟ್ಟಿ ನೋಡುತ್ತಾರೆ. ಮನುಷ್ಯರ ವಿಷಯದಲ್ಲಿ ಮಾತ್ರ, 'ಬುದ್ಧಿಮಾಂದ್ಯ' ಎಂಬ ಚೀಟಿ ಒಮ್ಮೆ ಅಂಟಿತೆಂದರೆ, ಮುಟ್ಟಿ ನೋಡುವುದು ನಿಂತುಬಿಡುತ್ತದೆ. ಏನೇ ಆದರೂ 'ಅದರಿಂದಲೇ'. ಹೀಗೆ ಒಂದು ರೋಗನಿದಾನದ ನೆರಳಿನಲ್ಲಿ ಉಳಿದ ಕಾಯಿಲೆಗಳೆಲ್ಲ ಮರೆಯಾಗುವುದನ್ನು ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲೇ ಗುರುತಿಸಿ ಹೆಸರಿಟ್ಟಿದ್ದಾರೆ.

ಮರೆಯಾಗುವುದು ಅಪರೂಪದ ಕಾಯಿಲೆಗಳೇನಲ್ಲ. ಹಲ್ಲುನೋವು, ಕಿವಿ ಸೋರುವುದು, ಹೊಟ್ಟೆಯ ಆಮ್ಲ ಗಂಟಲಿಗೆ ಉಕ್ಕುವುದು, ಮೂತ್ರದ ಸೋಂಕು, ಹೆಣ್ಣುಮಕ್ಕಳಲ್ಲಿ ಮುಟ್ಟಿನ ನೋವು, ಯಾರೂ ನೋಡದೆ ಉಳಿದ ಮೂಳೆಮುರಿತ, ಮಂಜಾಗುತ್ತಿರುವ ಕಣ್ಣು. ಎಲ್ಲಕ್ಕಿಂತ ಹೆಚ್ಚಾಗಿ ಮಲಬದ್ಧತೆ. ಕೇಳಿದರೆ ಸಣ್ಣ ವಿಷಯ. ಆದರೆ ಇಂಗ್ಲೆಂಡಿನಲ್ಲಿ ಡೌನ್ ಸಿಂಡ್ರೋಮ್ ಇದ್ದ ರಿಚರ್ಡ್ ಹ್ಯಾಂಡ್ಲಿ 2012ರಲ್ಲಿ, ತನ್ನ 33ನೇ ವಯಸ್ಸಿನಲ್ಲಿ, ಮಲಬದ್ಧತೆ ವಿಪರೀತಕ್ಕೆ ಹೋಗಿಯೇ ಸತ್ತ. ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡವೊಂದು ಬೌದ್ಧಿಕ ಅಂಗವೈಕಲ್ಯ ಇದ್ದವರ 247 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2013ರಲ್ಲಿ ಕೊಟ್ಟ ವರದಿಯ ಪ್ರಕಾರ, ಅವರಲ್ಲಿ ಗಂಡಸರು ಉಳಿದ ಜನರಿಗಿಂತ 13 ವರ್ಷ ಮೊದಲೇ, ಹೆಂಗಸರು 20 ವರ್ಷ ಮೊದಲೇ ತೀರಿಕೊಳ್ಳುತ್ತಿದ್ದರು. ಉಚಿತ ಆರೋಗ್ಯಸೇವೆ ಮನೆಬಾಗಿಲಿಗೆ ಇರುವ ದೇಶದ ಮಾತು ಇದು.

ಇನ್ನು ಮಾತ್ರೆಯ ವಿಷಯ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಈ ಸಾಲುಗಳನ್ನು ಓದುವ ಎಷ್ಟೋ ಮನೆಗಳಲ್ಲಿ ಆ ಮಾತ್ರೆಯ ಪಟ್ಟಿ ಕಪಾಟಿನಲ್ಲಿ ಇದ್ದೇ ಇರುತ್ತದೆ.

ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್, ಒಲಾಂಜಪಿನ್ ಮುಂತಾದವು ಮೂಲತಃ ಸ್ಕಿಜೋಫ್ರೇನಿಯದಂಥ ಕಾಯಿಲೆಗಳ ಔಷಧಗಳು. ಅಂಥ ಕಾಯಿಲೆ ಇದ್ದವರಿಗೆ ಇವು ಜೀವ ಉಳಿಸುತ್ತವೆ. ಆಟಿಸಂ ಇರುವ ಮಕ್ಕಳ ತೀವ್ರ ಸಿಡುಕಿಗೂ ರಿಸ್ಪೆರಿಡೋನ್ ಬಳಸಬಹುದೆಂದು ಅಮೆರಿಕ 2006ರಲ್ಲಿ ಒಪ್ಪಿದೆ. ಹಾಗಾಗಿ ಇವು ವಿಷ ಎಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಬೇರೆ: ಯಾವ ಮನೋರೋಗವೂ ಇಲ್ಲದ, ಬರೀ ಸಿಟ್ಟಿನಿಂದ ಹೊಡೆಯುವ ವಯಸ್ಕರಿಗೆ ಇವು ಉಪಯೋಗವೇ? ಪೀಟರ್ ಟೈರರ್ ಎಂಬ ಮನೋವೈದ್ಯರ ನೇತೃತ್ವದಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಬೌದ್ಧಿಕ ಅಂಗವೈಕಲ್ಯ ಇದ್ದ 86 ಜನ. ಒಂದು ಗುಂಪಿಗೆ ರಿಸ್ಪೆರಿಡೋನ್, ಇನ್ನೊಂದಕ್ಕೆ ಹ್ಯಾಲೊಪೆರಿಡಾಲ್, ಮೂರನೆಯದಕ್ಕೆ ಔಷಧವೇ ಇಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿಲ್ಲ. 2008ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ನಾಲ್ಕು ವಾರಗಳಲ್ಲಿ ಮೂರೂ ಗುಂಪಿನಲ್ಲಿ ಆಕ್ರಮಣ ಇಳಿದಿತ್ತು. ರಿಸ್ಪೆರಿಡೋನ್ ಗುಂಪಿನಲ್ಲಿ ಶೇ. 58, ಹ್ಯಾಲೊಪೆರಿಡಾಲ್ ಗುಂಪಿನಲ್ಲಿ ಶೇ. 65, ಹುಸಿಮಾತ್ರೆಯ ಗುಂಪಿನಲ್ಲಿ ಶೇ. 79.

ಔಷಧವಿಲ್ಲದ ಮಾತ್ರೆಯಿಂದ ಅಷ್ಟು ಇಳಿದದ್ದು ಹೇಗೆ? ನನಗೆ ತೋರುವುದು ಇಷ್ಟು. ಅಧ್ಯಯನಕ್ಕೆ ಸೇರಿದವರನ್ನು ಯಾರೋ ಬಂದು ಮಾತಾಡಿಸುತ್ತಾರೆ, ಮನೆಯವರ ಮಾತು ಕೇಳುತ್ತಾರೆ, ಏನಾಯಿತೆಂದು ಬರೆದುಕೊಳ್ಳುತ್ತಾರೆ. ಅಲ್ಲಿಯವರೆಗೆ ಎಷ್ಟು ಮಂದಿಗೆ ಅದು ಸಿಕ್ಕಿತ್ತೋ.

ಈ ಔಷಧಗಳಿಗೆ ಇನ್ನೊಂದು ಗುಣವಿದೆ, ಅದು ಮನೆಯವರಿಗೆ ಗೊತ್ತಿರಲೇಬೇಕು. ಕೆಲವರಲ್ಲಿ ಇವು ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಒಂದು ಒಳಗಿನ ತಳಮಳ ಹುಟ್ಟಿಸುತ್ತವೆ. ಮಾತು ಬಲ್ಲವರು 'ಡಾಕ್ಟ್ರೇ, ಮೈಯೆಲ್ಲ ಏನೋ ಆಗ್ತಿದೆ' ಎನ್ನುತ್ತಾರೆ. ಮಾತಿಲ್ಲದವರು ಓಡಾಡುತ್ತಾರೆ, ತಳ್ಳುತ್ತಾರೆ, ಹೊಡೆಯುತ್ತಾರೆ. ನೋಡಿದವರು 'ಇನ್ನೂ ಹೆಚ್ಚಾಗಿದೆ' ಎನ್ನುತ್ತಾರೆ, ಪ್ರಮಾಣ ಏರುತ್ತದೆ, ತಳಮಳವೂ ಏರುತ್ತದೆ. ಕೆಲವು ಮಾತ್ರೆಗಳು ಕರುಳನ್ನು ನಿಧಾನ ಮಾಡಿ ಮಲಬದ್ಧತೆ ತರುತ್ತವೆ, ಹೊಟ್ಟೆನೋವಿಗೆ ಮತ್ತೆ ಹೊಡೆತ, ಹೊಡೆತಕ್ಕೆ ಮತ್ತೆ ಮಾತ್ರೆ. ಈ ಗಾಣದಲ್ಲಿ ಸುತ್ತುತ್ತಿರುವವರು ಎಷ್ಟು ಮಂದಿ ಎಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿತು. 2015ರ ಅದರ ಅಂದಾಜಿನಂತೆ ಬೌದ್ಧಿಕ ಅಂಗವೈಕಲ್ಯ ಇರುವ 30,000ದಿಂದ 35,000 ವಯಸ್ಕರು ಸರಿಯಾದ ಕಾರಣವಿಲ್ಲದೆ ದಿನವೂ ಮನೋರೋಗದ ಅಥವಾ ಖಿನ್ನತೆಯ ಮಾತ್ರೆ ನುಂಗುತ್ತಿದ್ದರು. ಮರುವರ್ಷವೇ ಅಲ್ಲಿನ ಆರೋಗ್ಯಸೇವೆ ಈ ಅತಿಬಳಕೆ ತಗ್ಗಿಸಲು 'ಸ್ಟಾಂಪ್' ಎಂಬ ಆಂದೋಲನ ಶುರುಮಾಡಿತು. ಅದರ ಮುಖ್ಯ ಮಾತು ಎಲ್ಲರಿಗೂ ಅನ್ವಯ: ಮಾತ್ರೆಯನ್ನು ಯಾಕೆ ಕೊಡುತ್ತಿದ್ದೇವೆ ಎಂದು ಆಗಾಗ ಮರುಪರಿಶೀಲಿಸಿ, ಬೇಡವಾದರೆ ವೈದ್ಯರ ಕಣ್ಗಾವಲಿನಲ್ಲಿ ಮೆಲ್ಲಗೆ ಇಳಿಸಿ. ಮನೆಯವರು ತಾವಾಗಿ ಒಮ್ಮೆಲೇ ನಿಲ್ಲಿಸುವುದು ಅಪಾಯ. ಇದನ್ನು ಒತ್ತಿ ಹೇಳುತ್ತೇನೆ.

ಅದೇ 2016ರ ನವೆಂಬರಿನಲ್ಲಿ ಬ್ರಿಸ್ಟಲ್ ನಗರದ ಆಸ್ಪತ್ರೆಯೊಂದರಲ್ಲಿ ಆಲಿವರ್ ಮೆಕ್‌ಗವನ್ ಎಂಬ 18 ವರ್ಷದ ಹುಡುಗ ಸತ್ತ. ಆಟಿಸಂ, ಸಣ್ಣ ಮಟ್ಟದ ಬೌದ್ಧಿಕ ಅಂಗವೈಕಲ್ಯ, ಮೂರ್ಛೆರೋಗ ಇದ್ದ ಹುಡುಗ. ಆಸ್ಪತ್ರೆಗೆ ಸೇರಿದ್ದು ಫಿಟ್ಸ್ ಬಂದು. ಮನೋರೋಗದ ಮಾತ್ರೆಗಳು ತನಗೆ ಆಗುವುದಿಲ್ಲ ಎಂದು ಅವನೂ ಹೇಳಿದ್ದ, ತಂದೆತಾಯಿಯೂ ಹೇಳಿದ್ದರು. ಗಾಬರಿಯಿಂದ ಒದ್ದಾಡುತ್ತಿದ್ದವನಿಗೆ ಒಲಾಂಜಪಿನ್ ಕೊಟ್ಟರು. ಮೈ ಜ್ವರವೇರಿ ಸ್ನಾಯುಗಳು ಸೆಟೆಯುವ ಅಪರೂಪದ ಪ್ರತಿಕ್ರಿಯೆ ಬಂದು, ಮಿದುಳು ಊದಿಕೊಂಡು ಅವನು ಬಲಿಯಾದ. ಅವನ ತಾಯಿ ಪಾಲಾ ಮೆಕ್‌ಗವನ್ ಸುಮ್ಮನೆ ಕೂರಲಿಲ್ಲ. ಅವರ ಹೋರಾಟದ ಫಲವಾಗಿ 2022ರ ಕಾಯ್ದೆಯೊಂದರಿಂದ ಇಂಗ್ಲೆಂಡಿನ ಆರೋಗ್ಯ ಮತ್ತು ಆರೈಕೆ ಸಂಸ್ಥೆಗಳ ಸಿಬ್ಬಂದಿಗೆ ಆಟಿಸಂ ಮತ್ತು ಬೌದ್ಧಿಕ ಅಂಗವೈಕಲ್ಯದ ತರಬೇತಿ ಕಡ್ಡಾಯವಾಯಿತು. ಆ ತರಬೇತಿಗೆ ಆಲಿವರನ ಹೆಸರೇ ಇದೆ.

ಹಾಗಾದರೆ 'ಯಾಕೆ' ಎಂದು ಕೇಳುವುದು ಹೇಗೆ? ಇದಕ್ಕೊಂದು ಶಾಸ್ತ್ರವೇ ಬೆಳೆದಿದೆ. 1982ರಲ್ಲಿ ಅಮೆರಿಕದ ಬ್ರಯನ್ ಇವಾಟಾ ಮತ್ತು ಸಂಗಡಿಗರು, ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುತ್ತಿದ್ದ ಒಂಬತ್ತು ಮಂದಿಯನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿ ಕೂರಿಸಿ ಗಮನಿಸಿದರು. ಹೊರಗಿನಿಂದ ಒಂದೇ ಥರ ಕಾಣುವ ಹೊಡೆತ ಒಬ್ಬನಲ್ಲಿ ಕೆಲಸದಿಂದ ತಪ್ಪಿಸಿಕೊಳ್ಳಲು, ಇನ್ನೊಬ್ಬನಲ್ಲಿ ಯಾರಾದರೂ ತನ್ನ ಕಡೆ ನೋಡಲಿ ಎಂದು, ಮತ್ತೊಬ್ಬನಲ್ಲಿ ಯಾರಿರಲಿ ಬಿಡಲಿ ತನ್ನಷ್ಟಕ್ಕೆ ನಡೆಯುತ್ತಿತ್ತು. ಮೂರು ವರ್ಷದ ಬಳಿಕ ಕಾರ್ ಮತ್ತು ಡ್ಯುರಾಂಡ್ ಎಂಬಿಬ್ಬರು ನಾಲ್ಕು ಮಕ್ಕಳ ಮೇಲೆ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಪಾಠ ಕಷ್ಟವಾದಾಗ ಕೆರಳುವ ಮಗುವಿಗೆ ಸಹಾಯ ಕೇಳಲು ಕಲಿಸಿದರು. ಯಾರೂ ಗಮನಿಸದಾಗ ಕೆರಳುವ ಮಗುವಿಗೆ ಮೆಚ್ಚುಗೆ ಕೇಳಲು ಕಲಿಸಿದರು. ಹೊಡೆತ ಇಳಿಯಿತು. ಕಾರಣ ಅದಲುಬದಲಾದರೆ, ಅಂದರೆ ಸಹಾಯ ಬೇಕಾದವನಿಗೆ ಮೆಚ್ಚುಗೆ ಕೇಳಲು ಕಲಿಸಿದರೆ, ಪ್ರಯೋಜನವಿಲ್ಲ. ಕೈ ಏನು ಹೇಳುತ್ತಿತ್ತೋ ಅದಕ್ಕೇ ಮಾತು ಸಿಗಬೇಕು.

ಮನೆಯಲ್ಲಿ ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು. ಸ್ವಲ್ಪ ಮುಂಚೆ ಏನಾಗಿತ್ತು, ಆಗ ಏನು ಮಾಡಿದ, ಆಮೇಲೆ ನಾವೇನು ಮಾಡಿದೆವು. ಮೂರೇ ಕಾಲಂ. ಎರಡು ವಾರ ಬರೆದರೆ ಸಾಕು, ದಾರಿ ಕಾಣತೊಡಗುತ್ತದೆ. ಚಿಕ್ಕಮ್ಮನ ಕ್ಯಾಲೆಂಡರಿನಲ್ಲಿ ಗೀಟುಗಳಷ್ಟೇ ಇದ್ದವು, ಮೊದಲಿನದೂ ಆಮೇಲಿನದೂ ಅವಳ ನೆನಪಿನಲ್ಲಿತ್ತು. ನರ್ಸಮ್ಮ ಕೇಳುತ್ತ ಹೋದಂತೆ ಒಂದೊಂದಾಗಿ ಬಿಚ್ಚಿಕೊಂಡಿತು. ಹೊಡೆತ ಊಟದ ಹೊತ್ತಿಗೆ ಹೆಚ್ಚು. ರೊಟ್ಟಿ ಬಿಟ್ಟಿದ್ದಾನೆ, ಗಂಜಿ ಕುಡಿಯುತ್ತಾನೆ. ಅವನಿಗೆ ಪ್ರಾಣವಾಗಿದ್ದ ತಣ್ಣನೆ ಮಜ್ಜಿಗೆಯ ಲೋಟವನ್ನು ದೂರ ತಳ್ಳುತ್ತಾನೆ. ಮಲಗುವುದು ಬಲಮಗ್ಗುಲಿಗೆ ಮಾತ್ರ. ಎಲ್ಲವೂ ಅವಳ ಕಣ್ಣಿಗೆ ಬಿದ್ದಿತ್ತು, ಕೇಳುವವರು ಇರಲಿಲ್ಲ.

ಹಲ್ಲು ಕೀಳುವುದೇನು ಸುಲಭವಾಗಲಿಲ್ಲ. ಪೂರ್ತಿ ಅರಿವಳಿಕೆ ಕೊಟ್ಟೇ ಮಾಡಬೇಕು ಎಂದರು, ಅದಕ್ಕೆ ದೊಡ್ಡ ಆಸ್ಪತ್ರೆ. ಅಲ್ಲಿ ಸಹಿಯ ತೊಡಕು. ಮಗನಿಗೆ 18 ತುಂಬಿದ ಮೇಲೆ ಕಾನೂನಿನ ಕಣ್ಣಿನಲ್ಲಿ ತಾಯಿ ತಾನಾಗಿಯೇ ಪೋಷಕಿಯಾಗಿ ಉಳಿಯುವುದಿಲ್ಲ ಎಂಬುದು ನಮ್ಮಲ್ಲಿ ಬಹಳ ಮನೆಗಳಿಗೆ ಗೊತ್ತೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಅಡಿಯಲ್ಲಿ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲೆಗೊಂದು ಸ್ಥಳೀಯ ಮಟ್ಟದ ಸಮಿತಿ ಇದೆ, ಜಿಲ್ಲಾಧಿಕಾರಿ ಅದರಲ್ಲಿರುತ್ತಾರೆ. ಮಗುವಿಗೆ 18 ಹತ್ತಿರವಾಗುತ್ತಿದ್ದಂತೆ ಆ ಅರ್ಜಿ ಹಾಕಿಡಿ. ಅದೇ ಕಾಯ್ದೆಯ 'ನಿರಾಮಯ' ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಇದೆ. ಹೊರರೋಗಿ ಚಿಕಿತ್ಸೆ, ಥೆರಪಿ ಎರಡೂ ಅದರಲ್ಲಿ ಸೇರಿವೆ. ಇವೆರಡನ್ನೂ ನಮ್ಮ ಮನೆಗೆ ತಿಳಿಸಿದ್ದು ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ತನಗೂ ಕಾಲಿನ ಊನ ಇರುವ ಆ ಹೆಣ್ಣುಮಗಳು ಮೂರು ಸಲ ಮನೆಗೆ ನಡೆದು ಬಂದಳು. ಆಕೆಗೆ ಸಿಗುವುದು ಸಣ್ಣ ಗೌರವಧನ.

ಕಾನೂನಿನ ಕೊರತೆ ನಮ್ಮಲ್ಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ: ಅಂಗವಿಕಲರಿಗೆ ಆಸ್ಪತ್ರೆಯಲ್ಲಿ ಅಡೆತಡೆಯಿಲ್ಲದ ಪ್ರವೇಶ ಇರಬೇಕು, ನೋಡುವುದರಲ್ಲೂ ಚಿಕಿತ್ಸೆಯಲ್ಲೂ ಅವರಿಗೆ ಆದ್ಯತೆ ಸಿಗಬೇಕು. 47ನೇ ಸೆಕ್ಷನ್ನು ಡಾಕ್ಟರು, ನರ್ಸುಗಳ ಓದಿನಲ್ಲಿ ಅಂಗವೈಕಲ್ಯದ ವಿಷಯ ಸೇರಿರಬೇಕು ಎನ್ನುತ್ತದೆ. ಅಡೆತಡೆ ಎಂದ ಕೂಡಲೇ ನಮಗೆ ತೋಚುವುದು ಗಾಲಿಕುರ್ಚಿಯ ಇಳಿಜಾರು. ಅದು ಬೇಕು. ಆದರೆ ನನ್ನ ತಮ್ಮನಿಗೆ ಅಡ್ಡ ನಿಂತದ್ದು ಮೆಟ್ಟಿಲಲ್ಲ, ಎರಡೂವರೆ ತಾಸಿನ ಕಾಯುವಿಕೆ, ಟಿವಿಯ ಸದ್ದು, ಮಿಣುಕುವ ದೀಪ. ಅವನ ಪಾಲಿಗೆ ಮೊದಲ ಟೋಕನ್ನೇ ಇಳಿಜಾರು.

ಇನ್ನೊಂದು ಕಡೆ ಕಾನೂನುಗಳ ನಡುವೆಯೇ ಒಂದು ಸಂದು ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬೌದ್ಧಿಕ ಅಂಗವೈಕಲ್ಯವನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅದು ಸರಿಯೇ, ಇದು ಕಾಯಿಲೆಯಲ್ಲ. ಆದರೆ ನಡೆಯುವುದೇನು? ಮನೋವೈದ್ಯರು 'ಇದು ನಮ್ಮದಲ್ಲ' ಎನ್ನುತ್ತಾರೆ, ಹಲ್ಲಿನ ಡಾಕ್ಟರು 'ಮೊದಲು ಮನೋವೈದ್ಯರಿಗೆ ತೋರಿಸಿ' ಎನ್ನುತ್ತಾರೆ, ವಿಶೇಷ ಶಾಲೆಯವರು 'ಸುಧಾರಿಸಿದ ಮೇಲೆ ಕರೆತನ್ನಿ' ಎನ್ನುತ್ತಾರೆ. ಚಿಕ್ಕಮ್ಮ ಈ ಮೂರು ಮಾತನ್ನೂ ಕೇಳಿದ್ದಾಳೆ, ಒಂದೇ ತಿಂಗಳಲ್ಲಿ.

ದಾರಿ ಹುಡುಕಲು ನಾವು ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಮಾನಸಿಕ ಆರೋಗ್ಯಸೇವೆ ಹಳ್ಳಿಯವರೆಗೆ ಹೋಗಬಲ್ಲದು ಎಂದು ತೋರಿಸಿತು. 1996ರಲ್ಲಿ ಶುರುವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿರುವುದು ಬಳ್ಳಾರಿಯ ಆ ಅನುಭವದ ಮೇಲೆ. ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ 'ಮನೋಚೈತನ್ಯ' ಕ್ಲಿನಿಕ್ ಇದೆ. ಮಾತು ಬಾರದವರಿಗೆ ಚಿತ್ರ, ಸನ್ನೆಗಳ ಮೂಲಕ ಹೇಳಲು ಕಲಿಸುವ ಪರಿಣತರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದ್ದಾರೆ. ಮಂಗಳವಾರದ ಕ್ಲಿನಿಕ್ಕಿಗೆ ಬರುವ ಇಂಥ ಪ್ರತಿಯೊಬ್ಬರಿಗೂ, ಮಾತ್ರೆ ಬರೆಯುವ ಮೊದಲು, ಹಲ್ಲು, ಕಿವಿ, ಹೊಟ್ಟೆ ನೋಡಿದ್ದೇವೆ ಎಂದು ಒಂದು ಹಾಳೆಯಲ್ಲಿ ಗುರುತು ಹಾಕಲೇಬೇಕೆಂದು ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಬ್ಯಾಟರಿ ಟಾರ್ಚು ಸಾಕು.

ಉಳಿದವೂ ದುಬಾರಿಯವಲ್ಲ. ಜನ ಬರುವ ಮುಂಚಿನ ಅಥವಾ ಕೊನೆಯ ಹೊತ್ತನ್ನು ಫೋನಿನಲ್ಲೇ ಕೊಡುವುದು. ಸೂಜಿ ಚುಚ್ಚುವ ಜಾಗಕ್ಕೆ ಒಂದು ತಾಸು ಮೊದಲು ಮರಗಟ್ಟಿಸುವ ಮುಲಾಮು ಹಚ್ಚುವುದು. ಅರಿವಳಿಕೆ ಕೊಟ್ಟಾಗ ಹಲ್ಲಿನ ಜೊತೆಗೆ ರಕ್ತಪರೀಕ್ಷೆ, ಕಿವಿಯ ಮೇಣ, ಉಗುರು ಎಲ್ಲವನ್ನೂ ಒಂದೇ ಸಲ ಮುಗಿಸುವುದು. ವ್ಯಕ್ತಿಯ ಬಗ್ಗೆ ಒಂದು ಪುಟದ ಹಾಳೆ: ಏನಂದರೆ ಹೆದರಿಕೆ, ಏನಂದರೆ ಸಮಾಧಾನ, ನೋವಾದಾಗ ಹೇಗೆ ತೋರಿಸುತ್ತಾನೆ, ಯಾವ ಔಷಧ ಆಗದು. ಇಂಗ್ಲೆಂಡಿನ ಆಸ್ಪತ್ರೆಗಳು ಇದನ್ನು ಪಾಸ್‌ಪೋರ್ಟ್ ಎಂದು ಕರೆಯುತ್ತವೆ. ನಾವು ತಮ್ಮನಿಗೆ ಕನ್ನಡದಲ್ಲಿ ಒಂದು ಬರೆದು ಲ್ಯಾಮಿನೇಟ್ ಮಾಡಿಸಿದ್ದೇವೆ. ಮೊದಲ ಸಾಲು: 'ನೋವಾದರೆ ನಾನು ಹೇಳುವುದಿಲ್ಲ, ಹೊಡೆದುಕೊಳ್ಳುತ್ತೇನೆ. ದಯವಿಟ್ಟು ನೋವು ಎಲ್ಲಿದೆ ಹುಡುಕಿ.'

ನರ್ಸುಗಳ, ಆಯಾಗಳ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಕಚ್ಚಿಸಿಕೊಂಡವರಿಗೆ ನೋವಾಗುತ್ತದೆ, ಭಯವೂ ಆಗುತ್ತದೆ. ಒಬ್ಬ ಡಾಕ್ಟರು ಒಂದು ಬೆಳಗ್ಗೆ ನೂರು ಮಂದಿಯನ್ನು ನೋಡಬೇಕಾದಲ್ಲಿ ಒಬ್ಬನಿಗೆ ಅರ್ಧ ತಾಸು ಎಲ್ಲಿಂದ ತರುವುದು? ಅದಕ್ಕೇ ಇದು ಒಬ್ಬೊಬ್ಬರ ಒಳ್ಳೆಯತನಕ್ಕೆ ಬಿಟ್ಟ ವಿಷಯ ಆಗಬಾರದು. ಆ ದಿನ ಆ ನರ್ಸಮ್ಮ ಡ್ಯೂಟಿಯಲ್ಲಿ ಇಲ್ಲದಿದ್ದರೆ? ಯೋಚಿಸಿದರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ.

ಹಾಗೆಯೇ ಮನೆಯ ಹೆಂಗಸರು. ಚಿಕ್ಕಮ್ಮನ ಮೊಣಕೈಯಿಂದ ಮಣಿಕಟ್ಟಿನವರೆಗೆ ಹಲ್ಲಿನ ಗುರುತುಗಳಿವೆ, ಹಳೆಯವು ಬೆಳ್ಳಗಾಗಿವೆ. ಆರು ವರ್ಷದಿಂದ ಅವಳು ಒಂದು ಮದುವೆಗೆ ಹೋದವಳಲ್ಲ. ಅವಳ ಬಿಪಿ ನೋಡಿದವರೂ ಇಲ್ಲ, ಏಕೆಂದರೆ ಆಸ್ಪತ್ರೆಗೆ ಹೋಗುವುದೆಲ್ಲ ಮಗನಿಗಾಗಿ. ವರ್ಷಕ್ಕೆ ಹತ್ತು ದಿನವಾದರೂ ಮಗನನ್ನು ನಂಬಿ ಬಿಟ್ಟುಹೋಗಬಹುದಾದ ಒಂದು ಜಾಗ ತಾಲ್ಲೂಕಿಗೆ ಒಂದಿದ್ದರೆ ಅದೂ ಆರೋಗ್ಯಸೇವೆಯೇ.

ಹಲ್ಲು ಕಿತ್ತ ಮೇಲೆ ಹತ್ತನೆಯ ದಿನದ ಚೌಕದಲ್ಲಿ ಹಾಲಿನ ಲೆಕ್ಕ ಮಾತ್ರ ಇತ್ತು. ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾತ್ರೆ ಇಳಿಸಲು ಏಳು ತಿಂಗಳು ಹಿಡಿಯಿತು, ಒಂದು ಅರ್ಧ ಮಾತ್ರೆ ಈಗಲೂ ಇದೆ. ಕುಕ್ಕರ್ ಕೂಗಿದರೆ, ಬಸ್ಸು ತಪ್ಪಿದರೆ ಈಗಲೂ ಕೈ ಎತ್ತುತ್ತಾನೆ. ಆದರೆ ಕೆನ್ನೆಯ ಮೇಲೆ ಕೈಯಿಟ್ಟ ಒಂದು ಮುಖದ ಚಿತ್ರ ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಅದನ್ನು ಮುಟ್ಟಿ ತೋರಿಸಲು ಕಲಿತಿದ್ದಾನೆ. ಕಳೆದ ಚಳಿಗಾಲದಲ್ಲಿ ಅದನ್ನು ಮುಟ್ಟಿ, ಆಮೇಲೆ ಕಿವಿ ಮುಟ್ಟಿಕೊಂಡ. ಕಿವಿ ಸೋರುತ್ತಿತ್ತು.

ಹೋದ ತಿಂಗಳು ಹಲ್ಲಿನ ತಪಾಸಣೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಮೊದಲ ಟೋಕನ್ ಎಂದು ಹಿಂದಿನ ದಿನವೇ ಹೇಳಿಟ್ಟಿದ್ದೆವು. ಆಸ್ಪತ್ರೆಯ ಗೇಟಿನ ಹತ್ತಿರ ಅವನು ಆಟೋದ ಕಂಬಿ ಹಿಡಿದುಕೊಂಡು ಕೂತುಬಿಟ್ಟ. ಬೇಡ, ಬೇಡ. ಕಾಲು ಗಂಟೆ ಕಾದೆವು. ನಾನು ಒಳಗೆ ಹೋಗಿ ಹೇಳಿದೆ. ಹಲ್ಲಿನ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನವರು, ಟಾರ್ಚು ಮತ್ತು ಪುಟ್ಟ ಕನ್ನಡಿ ಹಿಡಿದು ಹೊರಗೆ ಬಂದರು. ಆಟೋದ ಒಳಗೆ ಅವನ ಪಕ್ಕದಲ್ಲಿ ಕೂತು ಟಾರ್ಚನ್ನು ಮೊದಲು ಅವನ ಕೈಗೇ ಕೊಟ್ಟರು. ಅವನು ಅದನ್ನು ಹೊತ್ತಿಸಿದ, ಆರಿಸಿದ, ಹೊತ್ತಿಸಿದ. ಆಮೇಲೆ ಡಾಕ್ಟರು ತಮ್ಮ ಬಾಯಿ ತೆರೆದು ತೋರಿಸಿದರು. ಅವನು ಅವರ ಬಾಯೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ ಟಾರ್ಚು ವಾಪಸು ಕೊಟ್ಟು ತನ್ನ ಬಾಯಿ ತೆರೆದ.